ಚೆನ್ನಪುರಿಯಲ್ಲಿ ಧನುರ್ಮಾಸ

ಮದರಾಸಿಗೆ ಹೊರಟಿದ್ದೇವೆಂದು ನಮ್ಮ ಕಡೆಯಲ್ಲಿ ಯಾರೊಡನಾದರೂ ಹೇಳಿದರೆ, "ಮನೆಯಲ್ಲಿ ಯಾರಿಗೆ ದೇಹಾಲಸ್ಯ?" ಎಂಬ ಪ್ರಶ್ನೆಯೇ ಮೊದಲು ಬರತಕ್ಕದ್ದು. ಆ ಪಟ್ಟಣಕ್ಕೂ ಆಸ್ಪತ್ರೆಗಳಿಗೂ ನಮ್ಮವರ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾದ ಗಂಟು ಬಿದ್ದಿದೆ. ಕಣ್ಣಿನ ಪೊರೆ, ಎದೆಯ ಬೇನೆ. ಅದಿಲ್ಲವಾದರೆ ಮದುವೆಯ ಜವಳಿ. ಅದೂ ಇಲ್ಲವಾದರೆ ಮಕ್ಕಳ ಪರೀಕ್ಷೆ. ಇವುಗಳ ಹೊರತು ಸುಮ್ಮನೆ ಸಂತೋಷಕ್ಕೋಸ್ಕರ ಅಲ್ಲಿಗೆ ಹೋಗುವುದುಂಟೆ ಎಂದು ಆಶ್ಚರ್ಯಪಡುವವರೇ ಬಹಳ. ಸೆಕೆ, ಬೆವರು, ಉಪ್ಪುನೀರು, ಆಟೋದವರ ಚೌಕಾಶಿ, ಇವು ಆ ಊರಿನ ಮೇಲೆ ನಾವು ಹೊರಿಸುತ್ತ ಬಂದ ಹಳೆಯ ಆಪಾದನೆಗಳು. ಅವುಗಳಲ್ಲಿ ಸತ್ಯವಿಲ್ಲವೆಂದು ನಾನು ವಾದಿಸಹೊರಟಿಲ್ಲ. ಆದರೆ ಹನ್ನೊಂದು ತಿಂಗಳಿಗೆ ಸಲ್ಲುವ ಮಾತು ಹನ್ನೆರಡನೆಯದಕ್ಕೂ ಸಲ್ಲಲೇಬೇಕೆಂಬ ನಿಯಮವಿಲ್ಲ. ಡಿಸೆಂಬರಿನ ನಡುವಿನಿಂದ ಜನವರಿಯ ಮೊದಲ ಭಾಗದವರೆಗೆ ಆ ಊರು ಬೇರೆಯೇ ಒಂದು ಊರು. ಹಿಂಗಾರಿನ ಮಳೆ ಬಹುಮಟ್ಟಿಗೆ ಹೊಯ್ದು ಮುಗಿದಿರುತ್ತದೆ. ಬೆಳಗಿನ ಹೊತ್ತು ಮೈಗೆ ಒಂದು ಶಾಲು ಬೇಡವಾದರೂ ಬೇಕೆನ್ನಿಸದಿರುವುದಿಲ್ಲ. ಬೀದಿಬೀದಿಯಲ್ಲಿ ಸಂಗೀತದ ಹಸಿರು ತೋರಣ ಕಟ್ಟಿರುತ್ತದೆ.

ತಮಿಳರು ಈ ಕಾಲವನ್ನು ಮಾರ್ಗಳಿ ಎನ್ನುತ್ತಾರೆ. ಹೆಸರು ನಮ್ಮ ಮಾರ್ಗಶೀರ್ಷದಿಂದ ಬಂದದ್ದೇ. ಆದರೆ ಅವರ ತಿಂಗಳು ಚಂದ್ರನನ್ನು ಬಿಟ್ಟು ಸೂರ್ಯನನ್ನು ಹಿಡಿದು ನಡೆಯುವುದರಿಂದ ನಮ್ಮ ಲೆಕ್ಕದಲ್ಲಿ ಅದು ಧನುರ್ಮಾಸ. ನಮ್ಮ ಮನೆಗಳಲ್ಲಿ ಅರುಣೋದಯಕ್ಕೆ ಮುಂಚೆ ಹುಗ್ಗಿಯ ನೈವೇದ್ಯ ಮಾಡುವ ತಿಂಗಳು. ಮದುವೆ ಮುಂಜಿಗಳಿಗೆ ಒಲ್ಲದ ತಿಂಗಳು. ಗೀತೆಯಲ್ಲಿ ಭಗವಂತನು ಮಾಸಗಳೊಳಗೆ ತಾನು ಮಾರ್ಗಶೀರ್ಷವೆಂದು ಹೇಳಿಕೊಂಡಿರುವನಷ್ಟೆ. ಅದನ್ನು ಅಕ್ಷರಶಃ ನಂಬಿ ತಿಂಗಳಿಡೀ ಹಾಡುವವರು ಇವರೇ ಇರಬೇಕೆಂದು ನನಗೆ ತೋರಿತು.

ಹೆಸರಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಈ ಪಟ್ಟಣಕ್ಕೆ ಚೆನ್ನಪಟ್ಟಣವೆಂದೂ ಚೆನ್ನಪುರಿಯೆಂದೂ ನಮ್ಮ ಹಿರಿಯರು ಹೇಳುತ್ತಿದ್ದರು. ೧೬೩೯ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ಇಲ್ಲಿಯ ಮರಳುದಿಣ್ಣೆಯನ್ನು ಬಿಟ್ಟುಕೊಟ್ಟ ನಾಯಕನ ತಂದೆ ಚೆನ್ನಪ್ಪನ ಹೆಸರು ಅದರಲ್ಲಿದೆ ಎನ್ನುತ್ತಾರೆ. ೧೯೯೬ರಲ್ಲಿ ಸರ್ಕಾರವು ಮದರಾಸೆಂಬುದನ್ನು ಬಿಟ್ಟು ಚೆನ್ನೈ ಎಂಬುದನ್ನೇ ನಿಲ್ಲಿಸಿತು. ಮೈಸೂರಿನಿಂದ ಹೋಗುವ ರೈಲು ಬೊಂಬೆಗಳ ಚನ್ನಪಟ್ಟಣವನ್ನು ಹಾದುಕೊಂಡೇ ಈ ಚೆನ್ನಪಟ್ಟಣಕ್ಕೆ ಹೋಗುವುದು ಒಂದು ತಮಾಷೆ. ೨೦೨೨ರ ನವೆಂಬರಿನಲ್ಲಿ ಮೈಸೂರಿಗೂ ಚೆನ್ನೈಗೂ ವಂದೇ ಭಾರತ್ ಎಂಬ ವೇಗದ ಗಾಡಿ ಹಾಕಿದ ಮೇಲೆ ಪ್ರಯಾಣವು ಪ್ರಯಾಸವಾಗಿ ಉಳಿದಿಲ್ಲ.

ನಾವು ಹೊರಟವರು ಮೂವರು: ನಾನು, ನನ್ನ ಮನೆಯವರು, ಹದಿಮೂರು ವರ್ಷದ ಮೊಮ್ಮಗಳು. ನಾನು ನಲವತ್ತು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಹುಡುಗರಿಗೆ ಶಬ್ದರೂಪ ಉರುಹೊಡೆಸಿದವನು. ಸಂಗೀತದಲ್ಲಿ ನನಗೆ ಸಾಹಿತ್ಯ ತಿಳಿಯುವಷ್ಟು ಸ್ವರ ತಿಳಿಯದು. ನನ್ನಾಕೆ ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ವೀಣೆ ಕಲಿತವರು. ರಾಗದ ಮಾತು ಬಂದಾಗ ಮನೆಯಲ್ಲಿ ಅವರದೇ ತೀರ್ಪು. ಮೊಮ್ಮಗಳು ಏಳು ವರ್ಷದಿಂದ ಹಾಡು ಕಲಿಯುತ್ತಿದ್ದಾಳೆ. ಇನ್ನೆರಡು ವರ್ಷಕ್ಕೆ ದೊಡ್ಡ ಪರೀಕ್ಷೆ ಬರುವುದರಿಂದ ಪಾಠವನ್ನು ನಿಲ್ಲಿಸುವುದು ಲೇಸೆಂದು ಅವಳ ತಂದೆಯ ಅಭಿಪ್ರಾಯ. "ಈಗಿನ ಕಾಲದಲ್ಲಿ ಇದನ್ನು ಕೇಳುವವರು ಯಾರಿದ್ದಾರೆ?" ಎಂದು ಅವರು ಕೇಳಿದ್ದರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕೇಳುವವರು ಎಷ್ಟು ಮಂದಿ ಇದ್ದಾರೆಂಬುದನ್ನು ಹೋಗಿ ನೋಡಿದರಾಯಿತೆಂದು ನನ್ನಾಕೆ ಟಿಕೆಟ್ ತೆಗೆಸಿದರು.

ಈ ಸಂಗೀತೋತ್ಸವ ಹುಟ್ಟಿದ ಬಗೆ ವಿಚಿತ್ರವಾದುದು. ೧೯೨೭ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ಸಿನ ಮಹಾಧಿವೇಶನ ನಡೆಯಿತು. ಅದರ ಜೊತೆಯಲ್ಲಿಯೇ ಒಂದು ಅಖಿಲ ಭಾರತ ಸಂಗೀತ ಸಮ್ಮೇಳನವನ್ನೂ ಕೂಡಿಸಿದರು. ಅದರ ಫಲವಾಗಿ ೧೯೨೮ರಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಸಮ್ಮೇಳನ ನಡೆಸುವುದು ವಾಡಿಕೆಯಾಯಿತು. ಇಂದು ಅಕಾಡೆಮಿಯೊಂದೇ ಅಲ್ಲ. ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ಸ್ವಾಮಿ ಸಭೆ, ತ್ಯಾಗರಾಯನಗರದ ಕೃಷ್ಣ ಗಾನ ಸಭೆ, ನಾರದ ಗಾನ ಸಭೆ, ಬ್ರಹ್ಮ ಗಾನ ಸಭೆ ಎಂದು ಎಣಿಸುತ್ತ ಹೋದರೆ ಬೆರಳು ಸಾಲವು. ಬೆಳಗಿನಿಂದ ರಾತ್ರಿಯವರೆಗೆ ನೂರಾರು ಕಚೇರಿಗಳು. ೨೦೧೭ರಲ್ಲಿ ಯುನೆಸ್ಕೋ ಸಂಸ್ಥೆ ಚೆನ್ನೈಯನ್ನು ಸಂಗೀತದ ಸೃಜನಶೀಲ ನಗರಗಳ ಪಟ್ಟಿಯಲ್ಲಿ ಸೇರಿಸಿತು; ಸೇರಿಸದಿದ್ದರೂ ಊರಿನವರಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ.

ಕನ್ನಡಿಗನು ಇಲ್ಲಿ ಪರಕೀಯನೆಂದು ಅಂಜಬೇಕಾಗಿಲ್ಲ. ಇಲ್ಲಿಯ ಮಗು ಮೊದಲು ಬಾಯಿಬಿಟ್ಟು ಸಾಧನೆ ಮಾಡುವ ಸರಳೆ ಜಂಟೆಗಳೂ, ಮೊದಲು ಕಲಿಯುವ ಮಲಹರಿಯ ಗೀತಗಳೂ ಪುರಂದರದಾಸರದೆಂದೇ ಪ್ರತೀತಿ. ಅರ್ಥ ತಿಳಿಯದ ಕನ್ನಡವನ್ನು ತಮಿಳು ಮಕ್ಕಳು ಎಷ್ಟು ಭಕ್ತಿಯಿಂದ ಹೇಳುತ್ತವೆಂದರೆ, ಅರ್ಥ ತಿಳಿದ ನಾವು ನಾಚಬೇಕು. ಅಕಾಡೆಮಿಯ 'ಸಂಗೀತ ಕಲಾನಿಧಿ' ಎಂಬ ಗೌರವ ನಮ್ಮ ಮೈಸೂರು ವಾಸುದೇವಾಚಾರ್ಯರಿಗೆ ೧೯೩೫ರಲ್ಲಿಯೂ, ಪಿಟೀಲು ಚೌಡಯ್ಯನವರಿಗೆ ೧೯೫೭ರಲ್ಲಿಯೂ, ವೀಣೆಯ ದೊರೆಸ್ವಾಮಿ ಅಯ್ಯಂಗಾರರಿಗೆ ೧೯೮೪ರಲ್ಲಿಯೂ, ಆರ್. ಕೆ. ಶ್ರೀಕಂಠನ್ ಅವರಿಗೆ ೧೯೯೫ರಲ್ಲಿಯೂ ಸಂದಿತು. ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಅಡಯಾರಿನ ಕಲಾಕ್ಷೇತ್ರಕ್ಕೆ ಬಂದು ನೆಲಸಿ, ರುಕ್ಮಿಣೀದೇವಿಯವರ ರಾಮಾಯಣ ನೃತ್ಯನಾಟಕಗಳಿಗೆ ವಾಲ್ಮೀಕಿಯ ಶ್ಲೋಕಗಳನ್ನು ರಾಗಗಳಲ್ಲಿ ಕೂಡಿಸಿಕೊಟ್ಟರು. ಸಂಸ್ಕೃತ ಓದಿದವನಿಗೆ ಇದಕ್ಕಿಂತ ಹೆಚ್ಚಿನ ಸಂತೋಷದ ಸಂಗತಿ ಏನಿದ್ದೀತು?

ನಾವು ಇಳಿದುಕೊಂಡುದು ಮೈಲಾಪುರದ ಒಂದು ಸಣ್ಣ ವಸತಿಗೃಹದಲ್ಲಿ. ಸಂಗೀತಕ್ಕಾಗಿ ಹೋಗುವವರು ಅಲ್ಲಿಯೇ ಇಳಿಯುವುದು ಮೇಲು; ಮುಖ್ಯವಾದ ಸಭೆಗಳು ಅನೇಕವು ಹತ್ತಿರ, ದೇವಸ್ಥಾನವು ಮತ್ತೂ ಹತ್ತಿರ. ಬೆಳಗಿನ ಝಾವ ಐದು ಗಂಟೆಗೆ ಎದ್ದು ಕಪಾಲೀಶ್ವರನ ಗುಡಿಯ ಸುತ್ತಣ ಮಾಡಬೀದಿಗಳಲ್ಲಿ ನಡೆದರೆ, ಪ್ರತಿ ಬಾಗಿಲ ಮುಂದೆಯೂ ಹೆಂಗಸರು ದೊಡ್ಡ ದೊಡ್ಡ ರಂಗವಲ್ಲಿಗಳನ್ನು ಇಡುತ್ತಿರುತ್ತಾರೆ. ಅತ್ತ ಒಂದು ಕಡೆ ಆಂಡಾಳಿನ ತಿರುಪ್ಪಾವೈ, ದಿನಕ್ಕೊಂದು ಪಾಶುರದಂತೆ ಮೂವತ್ತು. ಇತ್ತ ಭಜನೆಯ ಗೋಷ್ಠಿ. ಈ ಬೀದಿಗಳಲ್ಲಿಯೇ ಹಿಂದೆ ಪಾಪನಾಶಂ ಶಿವನ್ ಅವರು ಮಾರ್ಗಳಿಯ ಭಜನೆಯನ್ನು ಮುಂದಾಗಿ ನಡೆಸುತ್ತಿದ್ದರು. ಈಗಲೂ ತಾಳ ಹಿಡಿದು ಹೋಗುವವರ ಸಾಲಿನಲ್ಲಿ ಎಂಬತ್ತರ ಮುದುಕರೂ ಇದ್ದಾರೆ, ಕಣ್ಣುಜ್ಜಿಕೊಳ್ಳುತ್ತಿರುವ ಮಕ್ಕಳೂ ಇದ್ದಾರೆ. ಗುಡಿಯಲ್ಲಿ ದೊನ್ನೆಯಲ್ಲಿ ಬಿಸಿ ಪೊಂಗಲನ್ನು ಕೊಟ್ಟರು. ತುಪ್ಪವು ಬೆರಳ ಸಂದಿನಲ್ಲಿ ಇಳಿಯಿತು. ಇದು ನಮ್ಮ ಹುಗ್ಗಿಯೇ ಎಂದು ನಾನೆಂದೆ. ಮೆಣಸು ಒಡೆದು ಹಾಕಿಲ್ಲ, ಇಡಿಯಾಗಿ ಹಾಕಿದ್ದಾರೆ, ಆದ್ದರಿಂದ ಬೇರೆ ಎಂದು ಮನೆಯವರೆಂದರು.

ಎಂಟು ಗಂಟೆಗೆ ಅಕಾಡೆಮಿಯಲ್ಲಿ ವಿದ್ವಾಂಸರ ಸಪ್ರಯೋಗ ಉಪನ್ಯಾಸಗಳು ಪ್ರಾರಂಭವಾಗುತ್ತವೆ. ಇದಕ್ಕೆ ಹಣ ಕೊಡಬೇಕಾಗಿಲ್ಲ. ನಿವೃತ್ತನಾದ ಉಪಾಧ್ಯಾಯನಿಗೆ ಇದು ಸ್ವರ್ಗವೆಂದು ಹೇಳಬೇಕು: ಒಬ್ಬರು ಪಾಠ ಹೇಳುತ್ತಾರೆ, ನಡುವೆ ಹಾಡಿ ತೋರಿಸುತ್ತಾರೆ, ಹಿರಿಯ ಕಲಾವಿದರು ಎದ್ದು ಆಕ್ಷೇಪಿಸುತ್ತಾರೆ, ಮತ್ತೆ ಉತ್ತರ. ದೀಕ್ಷಿತರ ಕೃತಿಗಳ ಮೇಲೆ ಒಂದು ದಿನ ವಿಚಾರ ನಡೆಯಿತು. ಅವರ ಸಾಹಿತ್ಯ ಬಹುಮಟ್ಟಿಗೆ ಶುದ್ಧ ಸಂಸ್ಕೃತ, ಸಮಾಸಗಳು ಉದ್ದ. ಹಾಡುವವರು ಉಸಿರು ಸಾಲದೆ ಸಮಾಸವನ್ನು ಎಲ್ಲೆಂದರಲ್ಲಿ ಕಡಿದರೆ ಬಹುವ್ರೀಹಿಯ ಕೈಕಾಲು ಮುರಿಯುತ್ತದೆ. ತಮಿಳು ಲಿಪಿಯಲ್ಲಿ ಕ ಖ ಗ ಘಗಳಿಗೆ ಒಂದೇ ಅಕ್ಷರವಾದುದರಿಂದ, ಅಕ್ಷರದ ಮೇಲೆ ಒಂದು ಎರಡು ಮೂರೆಂದು ಅಂಕೆ ಹಾಕಿಕೊಂಡು ಪಾಠ ಬರೆದುಕೊಳ್ಳುತ್ತಾರಂತೆ. ಅಷ್ಟು ಕಷ್ಟಪಟ್ಟು ಹೇಳುವವರನ್ನು ಒಂದು ಮಹಾಪ್ರಾಣ ತಪ್ಪಿತೆಂದು ಗದರಿಸಲು ಮನಸ್ಸು ಬರಲಿಲ್ಲ. ನಮ್ಮಲ್ಲಿ ಅಕ್ಷರವಿದ್ದೂ ಎಷ್ಟು ಮಂದಿ ಉಚ್ಚರಿಸುತ್ತಾರೆ?

ಇನ್ನು ಊಟದ ವಿಷಯ. ಗೃಹಿಣಿಯರಾದ ವಾಚಕರು ಇದಕ್ಕಾಗಿಯೇ ಕಾದಿರಬಹುದು. ಪ್ರತಿಯೊಂದು ದೊಡ್ಡ ಸಭೆಯ ಪಕ್ಕದಲ್ಲಿಯೂ ಈ ಕಾಲದಲ್ಲಿ ಒಂದು ಭೋಜನಶಾಲೆ ಏಳುತ್ತದೆ. ಅದಕ್ಕೆ ಎಲ್ಲರೂ 'ಕ್ಯಾಂಟೀನ್' ಎನ್ನುವುದರಿಂದ ನಾನೂ ಅದನ್ನೇ ಹೇಳುತ್ತೇನೆ. ಮದುವೆಗಳಿಲ್ಲದ ತಿಂಗಳಾದುದರಿಂದ ಮದುವೆಗೆ ಅಡಿಗೆ ಮಾಡತಕ್ಕ ಕೈಗಳಿಗೆ ಇಲ್ಲಿ ಕೆಲಸ. ಮಧ್ಯಾಹ್ನ ಬಾಳೆಯೆಲೆಯ ಊಟ. ಸಂಜೆ ಅವಿಯಲಿನೊಡನೆ ಅಡೆ, ಬಾಳೆಹೂವಿನ ವಡೆ, ಸೊಪ್ಪಿನ ವಡೆ, ಇಡಿಯಾಪ್ಪ, ಹೆಸರುಬೇಳೆಯ ಅಶೋಕ ಹಲ್ವ. ಸಂಗೀತ ಕೇಳದೆ ಕ್ಯಾಂಟೀನಿಗಾಗಿಯೇ ಬರುವವರೂ ಇದ್ದಾರೆ. ಯಾವ ಸಭೆಯಲ್ಲಿ ಯಾರ ಕಚೇರಿ ಎಂಬುದಕ್ಕಿಂತ ಯಾವ ಸಭೆಯಲ್ಲಿ ಯಾರ ಅಡಿಗೆ ಎಂಬುದನ್ನು ಖಚಿತವಾಗಿ ಹೇಳಬಲ್ಲರು. ಅಡೆಯ ಹಿಟ್ಟನ್ನು ನುಣ್ಣಗೆ ರುಬ್ಬದೆ ತರಿಯಾಗಿ ಬಿಟ್ಟು, ಅಕ್ಕಿಯೊಡನೆ ಮೂರು ನಾಲ್ಕು ಬೇಳೆಗಳನ್ನು ಸೇರಿಸಿ, ಹುದುಗು ಬರಿಸದೆ ಒಡನೆಯೇ ಹುಯ್ಯಬೇಕೆಂಬುದನ್ನು ನನ್ನಾಕೆ ಬಡಿಸುವವನಿಂದ ಕೇಳಿ ಬರೆದುಕೊಂಡರು. ಅದಕ್ಕೆ ಜೊತೆಯಾಗಿ ಬೆಲ್ಲದ ತುಣುಕನ್ನೂ ಬೆಣ್ಣೆಯನ್ನೂ ಇಟ್ಟರು. ಆ ಬೆಣ್ಣೆ ಬೆಲ್ಲಗಳಿಗೆ ನಾನು ಅವಿಯಲನ್ನು ಬಿಟ್ಟುಕೊಡಬಲ್ಲೆ.

ಸಾರಿನಲ್ಲಿ, ಹುಳಿಯಲ್ಲಿ ಬೆಲ್ಲದ ಸೋಂಕಿಲ್ಲದಿರುವುದು ನಮ್ಮ ನಾಲಗೆಗೆ ಮೊದಲು ಒರಟಾಗಿ ತೋರುವುದು ಸಹಜ. ಹಾಗೆ ತೋರಿದವರಿಗೂ ಆಶ್ರಯವಿದೆ. ಉಡುಪಿಯ ಕಡೆಯಿಂದ ಬರಿಗೈಯಲ್ಲಿ ಬಂದ ಕೆ. ಕೃಷ್ಣರಾಯರು ೧೯೩೮ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ಹೋಟೆಲನ್ನು ತೆರೆದು ಮದರಾಸಿನವರಿಗೆ ಉಡುಪಿಯ ಕೈರುಚಿ ಹಿಡಿಸಿದರು. ಕೆಥೆಡ್ರಲ್ ರಸ್ತೆಯಲ್ಲಿ, ಕಾರಿನಲ್ಲಿ ಕುಳಿತವರಿಗೆ ಕುಳಿತಲ್ಲಿಗೇ ತಿಂಡಿ ತಂದುಕೊಡುವ ಅವರ ಉಪಾಹಾರಗೃಹ ೧೯೬೨ರಿಂದ ೨೦೦೮ರವರೆಗೆ ನಡೆಯಿತು. ಆ ಜಾಗದಲ್ಲಿ ೨೦೧೦ರಲ್ಲಿ ಸೆಮ್ಮೊಳಿ ಪೂಂಗಾ, ಎಂದರೆ ಶ್ರೇಷ್ಠಭಾಷೆಯ ಉದ್ಯಾನ, ಆಗಿದೆ. ಎರಡು ಕಚೇರಿಗಳ ನಡುವೆ ಕಾಲು ಚಾಚಿ ಕುಳಿತುಕೊಳ್ಳಲು ಹಿತವಾದ ಸ್ಥಳ. ಕಾಫಿಯ ವಿಷಯದಲ್ಲಿ ಮಾತ್ರ ನಾನು ಅಭಿಮಾನ ಬಿಡಲಾರೆ: ಡಬರಿಯಿಂದ ಲೋಟಕ್ಕೆ ಎತ್ತಿ ಹುಯ್ಯುವ ಕೈಚಳಕ ಅವರದಿರಬಹುದು, ಬೀಜ ಬೆಳೆಯುವ ಬೆಟ್ಟ ಹೆಚ್ಚಾಗಿ ನಮ್ಮದು.

ಈಗ ನಾನು ಹೇಳಬೇಕೆಂದು ಹೊರಟ ಮಾತಿಗೆ ಬರುತ್ತೇನೆ. ಪ್ರಸಿದ್ಧರ ಕಚೇರಿಗಳು ಸಂಜೆಗೆ; ಟಿಕೆಟ್ಟಿಗೆ ಬೆಳಗಿನಿಂದ ಸಾಲು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹಾಡುವವರು ಇನ್ನೂ ಹೆಸರು ಬಾರದ ಹುಡುಗರು, ಹುಡುಗಿಯರು. ಹಲವು ಸಭೆಗಳಲ್ಲಿ ಈ ಕಚೇರಿಗಳಿಗೆ ಟಿಕೆಟ್ ಇಲ್ಲ. ನಮ್ಮ ಪಿಂಚಣಿಗೆ ಅನುಕೂಲವೆಂದು ಮೊದಲನೆಯ ದಿನವೇ ಊಟ ಮುಗಿಸಿ ಒಂದು ಸಭಾಂಗಣಕ್ಕೆ ಹೋದೆವು. ಐನೂರು ಜನ ಕೂರಬಹುದಾದ ಸ್ಥಳ. ಹಳೆಯ ಅಭ್ಯಾಸದಂತೆ ನಾನು ಹಾಜರಿ ಎಣಿಸಿದೆ: ನಾವು ಮೂವರು ಸೇರಿ ಹತ್ತೊಂಬತ್ತು. ಅವರಲ್ಲಿ ಮೂವರು ನಿದ್ರಿಸುತ್ತಿದ್ದರು. ಹೊರಗಿನ ಬಿಸಿಲಿಗೆ ಒಳಗಿನ ತಂಪು ಅವರಿಗೆ ಸಂಗೀತಕ್ಕಿಂತ ಮಿಗಿಲಾಗಿದ್ದಿರಬೇಕು. ಗೋಡೆಯಾಚೆಯ ಕ್ಯಾಂಟೀನಿನಲ್ಲಿ ಎಲೆಗಾಗಿ ಕಾದು ನಿಂತವರು ಇದರ ನಾಲ್ಕರಷ್ಟು.

ವೇದಿಕೆಯ ಮೇಲೆ ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಒಬ್ಬ ಹುಡುಗಿ. ಪಿಟೀಲಿಗೆ ಒಬ್ಬ, ಮೃದಂಗಕ್ಕೆ ಒಬ್ಬ, ಇಬ್ಬರೂ ಮೀಸೆ ಮೂಡುತ್ತಿದ್ದ ಹುಡುಗರು. ವರ್ಣ ಮುಗಿಸಿ ಎರಡು ಕೃತಿ ಹಾಡಿ ಆಮೇಲೆ ಕಾಂಭೋಜಿಯನ್ನು ಎತ್ತಿಕೊಂಡಳು. ಕಾಂಭೋಜಿಯೆಂದು ನನಗೆ ತಿಳಿಸಿದವರು ಮನೆಯವರು. ಕಣ್ಣು ಮುಚ್ಚಿ ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ, ಒಂದೊಂದು ಮೆಟ್ಟಿಲಿನ ಮೇಲೂ ಕುಳಿತು ಎದ್ದು ಹೋದಳು; ಮುಂದೆ ಸಾವಿರ ಜನ ಕುಳಿತಿದ್ದಾರೆಂಬಂತೆಯೇ ಹಾಡಿದಳು. ನೆರವಲಿನಲ್ಲಿ ಒಂದೇ ಸಾಲನ್ನು ತಿರುಗಿಸಿ ಮುರುಗಿಸಿ ಹೇಳುವಾಗ ಮೊದಲ ಸಾಲಿನಲ್ಲಿ ಕೈಗೋಲು ಊರಿ ಕುಳಿತಿದ್ದ ವೃದ್ಧರೊಬ್ಬರು ತಲೆದೂಗಿ "ಭೇಷ್" ಎಂದರು. ಮೃದಂಗದವನಿಗೆ ತನಿ ಬಿಟ್ಟಾಗ ಏಳು ಮಂದಿ ಎದ್ದು ಹೋದರು. ಉಳಿದ ಹನ್ನೆರಡು ಮಂದಿಗೆ ಆ ಹುಡುಗ ತನ್ನ ಲೆಕ್ಕಗಳನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದನು. ನನ್ನ ಮೊಮ್ಮಗಳು ತೊಡೆಯ ಮೇಲೆ ತಾಳ ಹಾಕುತ್ತ ಕೊನೆಯವರೆಗೂ ತಪ್ಪದೆ ಕುಳಿತಿದ್ದಳು. ಕಡೆಗೆ ಒಂದು ದೇವರನಾಮ ಬಂದಿತು. ತುಂಬ ತಿಳಿಯಾದ ಕನ್ನಡ, ನನಗೆ ಸಂಶಯವಾಯಿತು.

ಸಂಶಯ ನಿಜವೇ ಆಯಿತು. ಕಚೇರಿ ಮುಗಿದ ಮೇಲೆ ಕಾಫಿಯ ಸಾಲಿನಲ್ಲಿ ಆ ಹುಡುಗಿಯ ತಾಯಿ ಸಿಕ್ಕಿದರು, ಶಿವಮೊಗ್ಗೆಯ ಕಡೆಯವರು. ಹುಡುಗಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಹಿಂದಿನ ರಾತ್ರಿ ಬಸ್ಸಿನಲ್ಲಿ ಬಂದದ್ದು, ಆ ರಾತ್ರಿಯೇ ಹಿಂದಕ್ಕೆ, ಏಕೆಂದರೆ ಬೆಳಗ್ಗೆ ಪರೀಕ್ಷೆ. ಕೊಟ್ಟ ಸಂಭಾವನೆ ಬಸ್ಸಿನ ವೆಚ್ಚಕ್ಕೂ ಸಾಲದು. "ಹಾಗಾದರೆ ಇಷ್ಟು ದೂರ ಬರುವುದೇಕೆ?" ಎಂದು ನಾನು ಕೇಳಿದೆ. ಮಧ್ಯಾಹ್ನ ಹಾಡದವರನ್ನು ಸಂಜೆಗೆ ಯಾರೂ ಕರೆಯುವುದಿಲ್ಲವೆಂದು ತಾಯಿ ಲೋಕವ್ಯವಹಾರದ ಮಾತನ್ನಾಡಿದರು. ಹುಡುಗಿ ಹಾಗೆ ಹೇಳಲಿಲ್ಲ. "ಮುಂದೆ ಕೂತಿದ್ದ ತಾತ ಸರಿಯಾದ ಜಾಗದಲ್ಲಿ ತಲೆದೂಗಿದರು, ನೋಡಿದಿರಾ? ಅಲ್ಲಿಂದ ಮುಂದಕ್ಕೆ ನನಗೆ ಭಯವೇ ಆಗಲಿಲ್ಲ" ಎಂದಳು. ಅವಳು ಸಂತೋಷದಲ್ಲಿದ್ದಳೆಂಬುದರಲ್ಲಿ ಸಂದೇಹವಿರಲಿಲ್ಲ.

ಅಲ್ಲಿಂದ ಹಿಂದಿರುಗುತ್ತ ಮೊಮ್ಮಗಳು, ಜನ ತುಂಬುವುದಕ್ಕೆ ಎಷ್ಟು ವರ್ಷ ಬೇಕಾಗುತ್ತದೆ ಎಂದು ಕೇಳಿದಳು. ಕೆಲವರಿಗೆ ಹತ್ತು ವರ್ಷ, ಅನೇಕರಿಗೆ ಎಂದಿಗೂ ತುಂಬುವುದಿಲ್ಲ ಎಂದು ಅವಳ ಅಜ್ಜಿ ಮುಚ್ಚುಮರೆಯಿಲ್ಲದೆ ಹೇಳಿದರು. ಮಕ್ಕಳಿಗೆ ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವರಿಗಿಲ್ಲ. ಹುಡುಗಿ ಮೌನವಾಗಿ ನಡೆದಳು.

ಸಂಗೀತವೇ ಮೂರು ಹೊತ್ತೂ ಆದರೆ ಕಿವಿ ಮರಗಟ್ಟುತ್ತದೆ. ಆದುದರಿಂದ ನಡುವೆ ಎರಡು ಬೆಳಗುಗಳನ್ನು ಬಯಲಿಗಾಗಿ ಮೀಸಲಿಟ್ಟೆವು. ಅಡಯಾರಿನಲ್ಲಿ ಥಿಯೊಸಾಫಿಕಲ್ ಸೊಸೈಟಿಯವರ ವಿಶಾಲವಾದ ತೋಪಿದೆ. ೧೮೮೨ರಿಂದ ಅದು ಅವರ ಕೇಂದ್ರಸ್ಥಾನ. ನದಿ ಸಮುದ್ರವನ್ನು ಸೇರುವ ಎಡೆ. ಪಟ್ಟಣದ ಗದ್ದಲ ಗೇಟಿನ ಹೊರಗೇ ನಿಂತುಬಿಡುತ್ತದೆ. ಒಳಗೆ ನೂರಾರು ವರ್ಷದ ಒಂದು ಆಲದ ಮರ. ಸಂಸ್ಕೃತದಲ್ಲಿ ಆಲಕ್ಕೆ ನ್ಯಗ್ರೋಧವೆಂಬ ಹೆಸರು. ಕೆಳಮುಖವಾಗಿ ಬೆಳೆಯುವುದೆಂದು ಅರ್ಥ. ೧೯೮೯ರ ಬಿರುಗಾಳಿಯಲ್ಲಿ ಇದರ ನಡುಬೊಡ್ಡೆಯೇ ಬಿದ್ದುಹೋಯಿತು. ಈಗ ಕಾಣುವುದೆಲ್ಲ ನೆಲಕ್ಕಿಳಿದು ಬೇರೂರಿದ ಬಿಳಲುಗಳ ಬಳಗ. ಅಲ್ಲಿಯ ಗ್ರಂಥಾಲಯವನ್ನು ೧೮೮೬ರಲ್ಲಿ ಕರ್ನಲ್ ಆಲ್ಕಾಟ್ ಸ್ಥಾಪಿಸಿದನು. ತಾಳೆಗರಿಯ ಸಂಸ್ಕೃತ ಗ್ರಂಥಗಳ ಸಂಗ್ರಹಕ್ಕೆ ಅದು ಪ್ರಖ್ಯಾತವಾದುದು. ವಿದ್ಯಾರ್ಥಿದೆಶೆಯಲ್ಲಿ ಅಡಯಾರಿನ ಮುದ್ರಣದ ಪುಸ್ತಕಗಳನ್ನು ಸಾಲ ತಂದು ಓದಿದ ನನಗೆ ಆ ಕಟ್ಟಡದ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವ ಮನಸ್ಸಾಯಿತು. ಪ್ರವೇಶದ ವೇಳೆ ಮಿತವಾದುದು; ವಿಚಾರಿಸಿಕೊಂಡೇ ಹೋಗತಕ್ಕದ್ದು.

ಗಿಂಡಿಯ ವನ ಇನ್ನೂ ಆಶ್ಚರ್ಯಕರ. ಹಿಂದೆ ಗವರ್ನರರ ಬೇಟೆಯ ಕಾಡಾಗಿದ್ದ ಭಾಗವನ್ನು ೧೯೭೮ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದರು. ಮೂರು ಚದರ ಕಿಲೋಮೀಟರಿಗೂ ಕಡಿಮೆ. ಸುತ್ತಲೂ ವಾಹನಗಳ ಹೊಳೆ. ನಡುವೆ ಚುಕ್ಕೆಜಿಂಕೆಗಳೂ ಕೃಷ್ಣಮೃಗಗಳೂ ಇವೆ. ಕೃಷ್ಣಸಾರವು ಸ್ವಚ್ಛಂದವಾಗಿ ಅಲೆಯುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ ಹೇಳುತ್ತದೆ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವುದೂ ಅದೇ. ಮೂವತ್ತು ವರ್ಷ ಆ ಭಾಗವನ್ನು ಪಾಠ ಹೇಳಿದೆ; ತಿರುಗಿ ತಿರುಗಿ ನೋಡುತ್ತ ಕುಪ್ಪಳಿಸುವ ಆ ಕುತ್ತಿಗೆಯ ಬಳುಕನ್ನು ಬೇಲಿಯಾಚೆ ಪ್ರತ್ಯಕ್ಷವಾಗಿ ಕಂಡದ್ದು ಅಂದೇ. ಪಕ್ಕದ ಹಾವಿನ ತೋಟಕ್ಕೆ ಮೊಮ್ಮಗಳು ಹೋಗಿಬಂದಳು. ನಾವು ಹೊರಗೆ ಕುಳಿತೆವು.

ಮರೀನಾ ತೀರಕ್ಕೆ ಎಲ್ಲರೂ ಸಂಜೆ ಹೋಗುತ್ತಾರೆ. ಬೆಳಗ್ಗೆ ಹೋಗಬೇಕೆಂದು ನನ್ನ ಸಲಹೆ. ಮಲ್ಪೆಯಲ್ಲಿ, ಕಾರವಾರದಲ್ಲಿ ಸೂರ್ಯನು ಕಡಲಿಗೆ ಇಳಿಯುವುದನ್ನು ಮಾತ್ರ ಕಂಡ ನಮಗೆ, ಅವನು ಕಡಲಿನಿಂದ ಏಳುವುದನ್ನು ಕಾಣುವುದು ಹೊಸದು. ಇಲ್ಲಿಯ ಕಾಲುದಾರಿಯನ್ನು ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಗವರ್ನರ್ ಗ್ರ್ಯಾಂಟ್ ಡಫ್ ಮಾಡಿಸಿ ಈ ಹೆಸರಿಟ್ಟನು. ಅಲೆಗಳು ನೋಡಲು ಮೋಹಕವಾದರೂ ಒಳಸೆಳೆತ ಬಲವಾದುದು. ಈಜಲು ತಕ್ಕ ನೀರಲ್ಲ. ೨೦೦೪ರ ಡಿಸೆಂಬರ್ ೨೬, ಭಾನುವಾರ, ಇದೇ ಸಂಗೀತದ ದಿನಗಳ ನಡುವೆ, ಬೆಳಗಿನ ತಿರುಗಾಟಕ್ಕೆ ಬಂದವರ ಮೇಲೂ ಬೆಸ್ತರ ಕುಪ್ಪಗಳ ಮೇಲೂ ಸುನಾಮಿಯ ನೀರು ನುಗ್ಗಿತು. ೨೦೧೫ರ ಡಿಸೆಂಬರಿನ ಆರಂಭದಲ್ಲಿ ಮಹಾಪೂರ ಬಂದು ಊರೇ ಮುಳುಗಿತು. ೨೦೨೦ರಲ್ಲಿ ಸಾಂಕ್ರಾಮಿಕದ ಕಾರಣ ಕಲಾವಿದರು ಖಾಲಿ ಕುರ್ಚಿಗಳ ಮುಂದೆ, ಕ್ಯಾಮೆರಾದ ಗಾಜಿಗೆ ಹಾಡಿದರು. ಆಮೇಲೆ ಮತ್ತೆ ಬಾಗಿಲು ತೆರೆಯಿತು. ಮರಳಿನ ಮೇಲೆ ಮಾರುವ, ತೆಂಗಿನಕಾಯಿ ಮಾವಿನಕಾಯಿ ತುರಿದು ಬೆರಸಿದ ಬಟಾಣಿ ಸುಂಡಲನ್ನು ಕಾಗದದ ಪೊಟ್ಟಣದಲ್ಲಿ ತಿನ್ನದೆ ಈ ತೀರವನ್ನು ನೋಡಿದಂತಾಗುವುದಿಲ್ಲ. ಆದರೆ ಅದು ಸಿಕ್ಕುವುದು ಸಂಜೆ. ಆದ್ದರಿಂದ ಎರಡು ಸಲ ಹೋಗುವುದು ಅನಿವಾರ್ಯ.

ಒಂದು ಸಂಜೆ ದೊಡ್ಡ ವಿದ್ವಾಂಸರ ಕಚೇರಿಗೂ ಹಣ ಕೊಟ್ಟು ಹೋದೆವು. ೧೯೫೫ರಲ್ಲಿ ನೆಹರೂ ಅವರು ಅಸ್ತಿಭಾರವಿಟ್ಟ ಅಕಾಡೆಮಿಯ ಸಭಾಂಗಣ. ಒಂದು ಕುರ್ಚಿಯೂ ಖಾಲಿಯಿಲ್ಲ. ಗಾಯನದ ಮೇಲ್ಮೆಯನ್ನು ವರ್ಣಿಸುವ ಯೋಗ್ಯತೆ ನನಗಿಲ್ಲ. ತೋಡಿಯ ಆಲಾಪನೆಯಲ್ಲಿ ನನ್ನಾಕೆಯ ಕಣ್ಣು ಒದ್ದೆಯಾದುದನ್ನು ಕಂಡೆ, ಅಷ್ಟು ಸಾಕು. ಆದರೆ ತನಿ ಆವರ್ತನ ಪ್ರಾರಂಭವಾಗುತ್ತಲೇ ಇಲ್ಲಿಯೂ ಜನ ಎದ್ದಿತು. ಸೀರೆಯ ಸರಭರ, ಕುರ್ಚಿಯ ಸದ್ದು, ಸಾಲುಸಾಲಾಗಿ ಕಾಫಿಯ ಕಡೆಗೆ. ಅರವತ್ತು ವರ್ಷದ ಸಾಧನೆಯ ವಾದಕನು ಬೆನ್ನುಗಳಿಗೆ ಮೃದಂಗ ನುಡಿಸಿದನು. ಗಂಟೆ ಹೊಡೆಯುವ ಮುನ್ನವೇ ಪುಸ್ತಕ ಕಟ್ಟುವ ಹುಡುಗರ ಎದುರು ಪಾಠ ಹೇಳಿದವನಿಗೆ ಇದು ಹೇಗಿರುತ್ತದೆಂದು ಗೊತ್ತು. ನನಗೆ ಸಿಟ್ಟು ಬಂದಿತು. ಮನೆಯವರು, ಎರಡು ಗಂಟೆ ಕದಲದೆ ಕೂತ ಮುದುಕರಿಗೆ ದೇಹಬಾಧೆಯೂ ಇರುತ್ತದೆ, ಎಲ್ಲರೂ ವಡೆಗಾಗಿಯೇ ಹೋದರೆಂದು ತಿಳಿಯಬೇಡಿ ಎಂದು ಸಮಾಧಾನ ಹೇಳಿದರು. ಇರಬಹುದು. ಆದರೆ ಎದ್ದವರಲ್ಲಿ ಮುದುಕರಿಗಿಂತ ಪ್ರಾಯದವರೇ ಹೆಚ್ಚಾಗಿದ್ದರು.

ಹೊರಡುವ ದಿನ ಮಧ್ಯಾಹ್ನದವರೆಗೆ ಬಿಡುವಿದ್ದಿತು. ರೇಷ್ಮೆ ಅಂಗಡಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಮೊಮ್ಮಗಳು ಪತ್ರಿಕೆಯಲ್ಲಿ ಅಂದಿನ ಕಚೇರಿಗಳ ಪಟ್ಟಿ ನೋಡಿ, ಹನ್ನೆರಡು ಗಂಟೆಗೆ ಒಂದು ಸಭೆಯಲ್ಲಿ ಯಾರೋ ಒಬ್ಬ ಹುಡುಗನ ಕಚೇರಿಯಿದೆ, ಅಲ್ಲಿಗೆ ಹೋಗೋಣವೆಂದಳು. ಹೆಸರು ನಮಗಾರಿಗೂ ತಿಳಿಯದು. ಅವಳ ಪಾಠದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ತಂದೆ ಮಗಳು ಮಾತನಾಡಿಕೊಳ್ಳಲೆಂದು ನಾನು ಬಿಟ್ಟಿದ್ದೇನೆ. ನಾವು ಒಳಗೆ ಹೋದಾಗ ಹನ್ನೊಂದು ಜನ ಕುಳಿತಿದ್ದರು, ಹುಡುಗನು ಶ್ರುತಿ ಸೇರಿಸಿಕೊಳ್ಳುತ್ತಿದ್ದನು. ಬಾಗಿಲ ಬಳಿಯ ಕುರ್ಚಿಗೆ ನಾನು ಕೈ ಹಾಕಿದೆ. ಮೊಮ್ಮಗಳು ನಿಲ್ಲದೆ ಮುಂದೆ ನಡೆದು ಎರಡನೆಯ ಸಾಲಿನಲ್ಲಿ ಕುಳಿತು, ನಮಗೆ ಪಕ್ಕದ ಎರಡು ಜಾಗ ತೋರಿಸಿದಳು.